ಕಲ್ಲಿನ ಮರೆಯ ಮೀಸೆಮೀನು

ಬೆಟಗೇರಿ,
ಗುರುವಾರ, 18 ಜುಲೈ 2024

ನನ್ನವ್ವ ಸ್ನೇಹಾ,

ಕೆಮ್ಮು ಹೋಯಿತೇ? ಶಿರಹಟ್ಟಿಯ ನೀರು ಒಗ್ಗಿತೇ? ಹಾಸ್ಟೆಲಿನಲ್ಲಿ ಜಡೆ ಯಾರು ಹಾಕುತ್ತಾರೆ? ನೀನೇ ಹಾಕಿಕೊಂಡರೆ ಎಡಗಡೆಯದು ಸಡಿಲಾಗುತ್ತದೆ, ನನಗೆ ಗೊತ್ತು. ನಿಮ್ಮವ್ವ ತೀರಿಕೊಂಡ ಮೇಲೆ ಎರಡು ವರ್ಷ ಹಾಕಿದ್ದು ಇದೇ ನೇಕಾರನ ಕೈ ಅಲ್ಲವೇ. ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ? ‘ಹೂಂ, ಮಾಡೀನಿ’ ಎಂದು ಬರೆಯಬೇಡ; ಏನು ಉಂಡೆ, ಎಷ್ಟು ಉಂಡೆ ಎಂದು ಬರೆ. ನಾನು ಆರಾಮಾಗಿದ್ದೇನೆ. ರೊಟ್ಟಿ ಬಡಿಯುವಾಗ ಕೈ ತಪ್ಪಿ ನಿನ್ನ ಪಾಲಿನದನ್ನೂ ಬಡಿಯುತ್ತೇನೆ, ಮರುದಿನ ಒಣಗಿದ್ದನ್ನು ಮುರಿಮುರಿದು ತಿನ್ನುತ್ತೇನೆ. ಕಟಕಟ ಸಪ್ಪಳಕ್ಕೆ ಮನೆಯಲ್ಲಿ ಇನ್ನೊಬ್ಬರು ಇದ್ದಂತೆ ಅನಿಸುತ್ತದೆ.

ಈಗ ನಿನ್ನ ಮೀನಿನ ಖಬರು. ಹೊಂಬಳದಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು, ಇಲ್ಲದಿದ್ದರೆ ಕಥೆ ನಿಲ್ಲುತ್ತಿತ್ತು. ನೀನೂ ಅಲ್ಲಿಂದಲೇ ಹೂಂಗುಟ್ಟು. ಟ್ರಂಕು ಬಸ್ಸಿಗೇರಿಸುವಾಗ ನೀನು, ‘ಅಪ್ಪಾ, ಗಾಜಿನ ಪೆಟ್ಟಿಗ್ಯಾಗ ಬಣ್ಣದ ಮೀನ ಅಷ್ಟ ಅದಾವ, ಮೀಸಿ ಮೀನ ತಂದು ಬಿಡು’ ಅಂದಿದ್ದೆಯಲ್ಲ. ಅದರಂತೆ ಗದಗಿನಲ್ಲಿ ಮಲಂಗಸಾಬರ ಮೀನಿನ ಅಂಗಡಿಗೆ ಹೋಗಿ ಒಂದು ಕ್ಯಾಟ್‌ಫಿಶ್ ತಂದೆ. ಹೆಬ್ಬೆರಳಿನಷ್ಟು ಮೈ, ಮೂತಿಗೆ ಎಳೆ ಮೀಸೆ. ನಿನ್ನ ಗಾಜಿನ ಪೆಟ್ಟಿಗೆಗೆ ಬಿಟ್ಟೆ ನೋಡು, ಮೊದಲ ದಿನವೆಲ್ಲ ಬಾಗಿಲು ಹುಡುಕುವವರ ಹಾಗೆ ಗಾಜಿಗೆ ಮೂತಿ ಹಚ್ಚಿ ಮೇಲೆ ಕೆಳಗೆ ಓಡಾಡಿತು. ಎರಡನೆಯ ದಿನ ಕಲ್ಲಿನ ಹಿಂದೆ ಸೇರಿ ಕುಳಿತುಬಿಟ್ಟಿತು. ಕಾಳು ಹಾಕಿದರೆ ತಿನ್ನದು. ನಡುನಡುವೆ ಬಾಣದಂತೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕಲ್ಲಿನ ಹಿಂದೆ. ಹೊಸದು, ಹೊಂದಿಕೊಳ್ಳುತ್ತದೆ ಎಂದುಕೊಂಡೆ. ಆಮೇಲೆ ಮಗ್ಗದ ಬಡಿತಕ್ಕೆ ಅಂಜಿರಬೇಕೆಂದು ಒಂದು ದಿನ ನೇಯ್ಗೆಯನ್ನೇ ನಿಲ್ಲಿಸಿದೆ. ಅವತ್ತು ಮನೆ ಎಷ್ಟು ಸುಮ್ಮನಿತ್ತೆಂದರೆ, ಮೀನಿಗಿಂತ ಮೊದಲು ನನಗೇ ಅಂಜಿಕೆಯಾಯಿತು.

ಹತ್ತನೆಯ ದಿನ ಪಕ್ಕದ ಮನೆಯ ಅನ್ನಪೂರ್ಣವ್ವ ಬಂದು ಇಣುಕಿ, ‘ಎಪ್ಪಾ, ಓಣಿ ಮಂದಿ ಎಲ್ಲಾ ನೋಡಿ ಹೋದ್ರು, ಇದಕ್ಕ ದೃಷ್ಟಿ ಆಗೈತಿ’ ಎಂದಳು. ನಿನಗೆ ಜ್ವರ ಬಂದಾಗಲೂ ಅವಳೇ ದೃಷ್ಟಿ ತೆಗೆದವಳು, ಬೇಡ ಎನ್ನಲು ಬಾಯಿ ಬರಲಿಲ್ಲ. ಮುಷ್ಟಿ ತುಂಬ ಉಪ್ಪು, ಮೆಣಸಿನಕಾಯಿ ಹಿಡಿದು ಪೆಟ್ಟಿಗೆಗೆ ಮೂರು ಸುತ್ತು ನಿವಾಳಿಸಿದಳು. ಮೆಣಸಿನಕಾಯಿ ಒಲೆಗೆ, ಉಪ್ಪು ನೀರಿಗೆ, ಇದು ನಮ್ಮ ಪದ್ಧತಿ. ನೀರು ಎದುರಿಗೇ ಇತ್ತಲ್ಲ! ನಾನು ಕೈ ಹಿಡಿಯುವಷ್ಟರಲ್ಲಿ ಉಪ್ಪು ಪೆಟ್ಟಿಗೆಯೊಳಗೆ. ಸ್ವಲ್ಪ ಹೊತ್ತಿಗೆ ಮೀಸೆಮೀನು ಮಗ್ಗುಲಾಗಿ ಮಲಗಿತು. ನಿನಗೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಕೂಡಲೇ ಫೋನ್ ಮಾಡಿದರೆ ಮಲಂಗಸಾಬರು, ‘ಉಪ್ಪ ಹಾಕೀರಿ? ಏನ್ರಿ ಸಿದ್ದಲಿಂಗೇಶಣ್ಣಾರ, ಲಿಂಗಾ ಕಟ್ಟಿದವ್ರು ಮೀನ ಸಾರ ಮಾಡಾಕ ಹೊಂಟೀರೇನು?’ ಎಂದು ನಕ್ಕರು, ಆಮೇಲೆ ಬೈದರು. ಈ ಜಾತಿಗೆ ಉಪ್ಪು ಆಗಿಬರುವುದಿಲ್ಲವಂತೆ. ಅವರು ಹೇಳಿದಂತೆ ಕೊಡದಲ್ಲಿ ಹಿಂದಿನ ದಿನ ತುಂಬಿಟ್ಟ ನೀರು ತೆಗೆದು, ಅಷ್ಟಷ್ಟೇ ಬದಲಿಸಿದೆ. ಸಂಜೆಗೆ ಎದ್ದು ನಿಂತಿತು. ನಿಂತು ಮತ್ತೆ ಕಲ್ಲಿನ ಹಿಂದೆಯೇ ಹೋಯಿತು.

ಮರುದಿನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಗಾಳಿ ನುಂಗುವುದು ಅದರ ರೂಢಿ, ಅದಕ್ಕೆ ಹೆದರಬೇಕಿಲ್ಲ ಎಂದರು. ಉಣ್ಣದೆ ಅಡಗಿದ್ದನ್ನು ಹೇಳಿದಾಗ ಮಾತ್ರ ನಗು ನಿಲ್ಲಿಸಿದರು. ‘ಒಂದ ಬೇಕು ಅಂದ್ರಿ, ಮನ್ಯಾಗ ಅದರ ಬಳಗ ಐತಿ ಅನಕೊಂಡೆ. ಇವು ಐದಾರು ಕೂಡಿ ಇರೋವು. ಹೊಸಾದು ಒಂದೆರಡ ದಿನಾ ಅಡಗೂದು ಖರೆ. ಹನ್ನೊಂದ ದಿನಾ ಅಂದ್ರ ಅದು ಹೊಂದ್ಕೊಳ್ಳೂದಲ್ರಿ, ಅಂಜಿ ಕುಂತೈತಿ.’ ಇನ್ನೂ ನಾಲ್ಕು ಮೀನು ತಂದೆ. ಅವಿದ್ದ ಪ್ಲಾಸ್ಟಿಕ್ ಚೀಲವನ್ನು ಅರ್ಧ ತಾಸು ಪೆಟ್ಟಿಗೆಯ ನೀರಿನ ಮೇಲೆ ತೇಲಿಸಿ, ಆಮೇಲೆ ಒಳಗೆ ಬಿಟ್ಟೆ. ಅವು ಮರಳು ಕೆದಕುತ್ತ ಕಲ್ಲಿನ ಹತ್ತಿರ ಬಂದವು. ಮೊದಲು ಮೀಸೆ ಹೊರಗೆ ಬಂತು, ಆಮೇಲೆ ಮೂತಿ. ಈಗ ಐದೂ ಕೂಡಿ ಅಡ್ಡಾಡುತ್ತವೆ, ಕಾಳು ತಿನ್ನುತ್ತವೆ. ನಾನು ಅದರೆದುರಿಗೇ ತಾಟು ಇಟ್ಟುಕೊಂಡು ಉಣ್ಣುತ್ತೇನೆ.

ಅನ್ನಪೂರ್ಣವ್ವ ನಿನ್ನನ್ನು ಕೇಳಿದ್ದಾಳೆ. ಉಪ್ಪಿನ ಮಾತು ಎತ್ತಬೇಡ, ನಾಚಿಕೊಂಡಿದ್ದಾಳೆ. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಪ್ಪ,
ಸಿದ್ದಲಿಂಗೇಶ

ತಾ.ಕ.: ಅಂಚೆಗೆ ಹೊತ್ತಾಯಿತು, ಇದನ್ನು ಬರೆಯದೆ ಲಕೋಟೆ ಮುಚ್ಚಲಾರೆ. ಸೋಮವಾರ ನಿಮ್ಮ ವಾರ್ಡನ್ ಅಕ್ಕಾವ್ರು ಫೋನ್ ಮಾಡಿ, ‘ನಿಮ್ಮ ಹುಡುಗಿ ಸರಿ ಉಣ್ಣೂದಿಲ್ರಿ, ಯಾರ ಕೂಡನೂ ಮಾತಾಡೂದಿಲ್ಲ. ಹೊಸಬರು, ಹೊಂದ್ಕೋತಾರ’ ಎಂದಿದ್ದರು. ನಾನೂ ಹೂಂ ಎಂದುಬಿಟ್ಟೆ. ಪರೀಕ್ಷೆ ಬರೆದು ಗೆದ್ದ ಸೀಟು, ಓಣಿಗೆಲ್ಲ ಪೇಢೆ ಹಂಚಿದ್ದೇವೆ ಎಂಬುದೇ ತಲೆಯಲ್ಲಿತ್ತು. ನೀನು ಹೋಗಿ ಐದು ವಾರವಾಯಿತು, ಮಗಳೇ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಇರುತ್ತೇನೆ ಎಂದರೆ ಇರು, ಬರುತ್ತೇನೆ ಎಂದರೆ ಟ್ರಂಕು ನಾನು ಹೊರುತ್ತೇನೆ. ಪೇಢೆ ತಿಂದವರಿಗೆ ನಾನೇ ಹೇಳಿಕೊಳ್ಳುತ್ತೇನೆ. ಬಾಚಣಿಗೆ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ಅವತ್ತು ಜಡೆ ಹಾಕಿಕೊಳ್ಳಬೇಡ.