ಮಂಚದ ಕಾಲಿಗೆ ಸೋಪಿನ ನೀರು

ಭಾನುವಾರ, ಬೆಳಗ್ಗೆ

ಗುಬ್ಬೀ,

ಇಲ್ಲ, ಹೊಡೆದಿಲ್ಲ. ಒಂದು ತೊಟ್ಟು ತಿಗಣೆ ಔಷಧಿಯನ್ನೂ ಹೊಡೆದಿಲ್ಲ. ನಿನ್ನ ತಮ್ಮನ ಮೂಗಿಗೆ ಏನೋ ವಾಸನೆ ಬಡಿಯಿತಂತೆ, ಅವನು ಬಂದು ನಿನ್ನ ಕಿವಿ ಊದಿದನಂತೆ, ನೀನು ಫೋನಿನಲ್ಲಿ "ನಿನ್ನ ನಂಬಿದ್ದೇ ನನ್ನ ತಪ್ಪು" ಅಂದು ಕಟ್ ಮಾಡಿದೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಗುವಿನ ಬಟ್ಟೆ ಒಯ್ಯಲು ಅವನು ಇವತ್ತು ಬರುತ್ತಾನಲ್ಲ, ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇದೆ. ಬಟ್ಟೆ ಚೀಲದ ಮೇಲೇ ಇದನ್ನು ಇಟ್ಟಿರುತ್ತೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಬಿಟ್ಟರೆ ನಾನು ಇಷ್ಟುದ್ದ ಬರೆದದ್ದಿಲ್ಲ. ತಪ್ಪಿದ್ದರೆ ನಗು, ಆದರೆ ಪೂರ್ತಿ ಓದು.

ಅವನಿಗೆ ಬಡಿದದ್ದು ನನ್ನ ಯೂನಿಫಾರ್ಮಿನ ವಾಸನೆ. ಬಕೆಟ್ಟಿನಲ್ಲಿ ನೆನೆಸಿಟ್ಟು ಬಚ್ಚಲ ಬಾಗಿಲು ಹಾಕುವುದನ್ನು ಮರೆತಿದ್ದೆ, ಅಷ್ಟೇ. ಈಗ ಅದನ್ನು ಮನೆಗೆ ತರುವುದೇ ಇಲ್ಲ. ಕಂಪನಿಯಲ್ಲೇ ಬಿಚ್ಚಿ, ಅಲ್ಲೇ ಒಗೆದು, ಅಲ್ಲೇ ಸ್ನಾನ ಮಾಡಿ ಬರುತ್ತೇನೆ. ನನ್ನ ಜೊತೆ ಪಂಪು ಹೊರುವ ಡ್ರಮ್ಮು, ಅದೇ ಆ ಹೊಟ್ಟೆಯವನು, ದಿನಾ ಕಾಲೆಳೆಯುತ್ತಾನೆ. "ಏನ್ ಗುರೂ, ತಿಗಣೆ ಹೊಡ್ದು ನೇರ ಹೆಣ್ಣು ನೋಡೋಕೆ ಹೊರಟಂಗಿದೆ?" ಅನ್ನುತ್ತಾನೆ. ನಾನು ನಕ್ಕು ಪಂಪು ತೊಳೆಯಲು ಹೋಗುತ್ತೇನೆ. ಊರಿನ ಮನೆಮನೆಗೆ ಹೋಗಿ ತಿಗಣೆ ಹೊಡೆಯುವವನ ಮಂಚದಲ್ಲೇ ತಿಗಣೆ ಅಂತ ಅವನಿಗೆ ಹೇಗೆ ಹೇಳಲಿ? ಗೊತ್ತಾದರೆ ಇಡೀ ಕಂಪನಿಗೆ ಒಂದು ತಿಂಗಳಿನ ತಮಾಷೆ, ಸೂಪರ್‌ವೈಸರಿಗೆ ನನ್ನನ್ನು ಮನೆಗೆ ಕಳಿಸಲು ಒಂದು ಕಾರಣ.

ನನ್ನ ಕೆಲಸದ ಬ್ಯಾಗನ್ನು ಮೊಳೆಗೆ ಹಾಕು ಅಂತ ನೀನು ಬಡಿದುಕೊಂಡೆ. ನಾನು ಮಂಚದ ಮೇಲೆ ಎಸೆದೆ. ಯಾವುದೋ ಮನೆಯಿಂದ ಅದರ ಹೊಲಿಗೆಯಲ್ಲಿ ಕೂತು ಬಂದವು. ಚಿಣ್ಣಿಯ ಬೆನ್ನ ಮೇಲೆ ಕೆಂಪು ಸಾಲು ಎದ್ದ ಬೆಳಗ್ಗೆ ನಾನು ಔಷಧಿ ಡಬ್ಬಿ ಎತ್ತಿಕೊಂಡೆ, ನೀನು ಮಗು ಎತ್ತಿಕೊಂಡೆ. "ಅವಳು ಮಂಚದ ಕಟ್ಟು ಚೀಪ್ತಾಳೆ, ಗೋಡೆ ನೆಕ್ತಾಳೆ. ಇಲ್ಲಿ ಒಂದು ಹನಿ ಬಿದ್ರೂ ನಾವಿಬ್ರೂ ವಾಪಸ್ ಬರಲ್ಲ" ಅಂದು ನಿನ್ನ ಅಕ್ಕನ ಮನೆಗೆ ಹೊರಟೇಬಿಟ್ಟೆ.

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಿನ್ನದು ಮೊದಲಿಂದಲೂ ಇದೇ ಕಥೆ. ನೆಲ ಒರೆಸಲು ನಿಂಬೆ ಸಿಪ್ಪೆ ನೆನೆಸಿದ ವಿನೆಗರ್, ಸಿಂಕ್ ಕಟ್ಟಿದರೆ ಸೋಡಾಪುಡಿ ಸುರಿದು ಬಿಸಿನೀರು, ನಿನ್ನ ಕೈ ಒಡೆದರೆ ಕುಂಡದ ಲೋಳೆಸರ. ನನ್ನ ಸೆಂಟಿನ ಬಾಟಲಿ ಎಸೆದು ಕಂಕುಳಿಗೂ ಅದೇ ಸೋಡಾಪುಡಿ ಬಳಿಸಿದೆ. ಗಂಡನನ್ನೇ ಕೇಕ್ ಮಾಡುತ್ತೀಯಾ ಅಂತ ಕೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟೆ. ನೊಣಕ್ಕೆ, ಇರುವೆಗೆ ನಿನ್ನ ಆಟ ನಡೆಯಬಹುದು, ತಿಗಣೆಯ ಮುಂದೆ ನಡೆಯುವುದಿಲ್ಲ ಅಂದುಕೊಂಡೆ. ನೀನು ಹೋದ ಸಂಜೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದೂ ನಿಜ.

ಮುಚ್ಚಳ ತಿರುಗಲಿಲ್ಲ. ಅಂದರೆ ಕೈ ತಿರುಗಿಸಲಿಲ್ಲ.

ನಿನಗೆ ಹೇಳದ ಸಂಗತಿ ಒಂದಿದೆ. ಅದಕ್ಕೆ ಹಿಂದಿನ ವಾರ ಒಂದು ಮನೆಯಲ್ಲಿ ಕೆಲಸ ಮುಗಿಸಿ ಕೆಳಗೆ ಪೈಪು ಸುತ್ತುತ್ತಿದ್ದೆವು. ಸಂಜೆಯವರೆಗೆ ಯಾರೂ ಒಳಗೆ ಹೋಗಬೇಡಿ ಅಂತ ಹೇಳಿದ್ದೆವು. ಆ ಮನೆಯ ಅಜ್ಜಿ ಕನ್ನಡಕ ಮರೆತೆ ಅಂತ ಮೇಲೆ ಹೋಗಿ, ಸುಸ್ತಾಗಿ ಮಂಚದ ಮೇಲೆ ಕೂತುಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಮಗನೂ ಸೊಸೆಯೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸುತ್ತಿದ್ದರು. ತಲೆ ಒಂದು ಕಡೆಗೆ ವಾಲಿತ್ತು. ಒಂದು ಚಪ್ಪಲಿ ಜಾರಿ ನನ್ನ ಕಾಲ ಹತ್ತಿರ ಬಿತ್ತು. ಡ್ರಮ್ಮು "ವಯಸ್ಸಾಗಿತ್ತು ಬಿಡು" ಅಂದ. ಆ ಮನೆಯವರು ವಾಸನೆ ಬಂದರೇ ಕೆಲಸ ಆದಂತೆ ಅನ್ನುವವರು ಅಂತ ಅವನು ಅಳತೆಗಿಂತ ಜಾಸ್ತಿ ಬೆರೆಸಿದ್ದು ನಾನು ನೋಡಿದ್ದೆ. ಆಮೇಲೆ ಆ ಅಜ್ಜಿಗೆ ಏನಾಯಿತು ಅಂತ ಕೇಳಲು ನನಗೆ ಧೈರ್ಯ ಬಂದಿಲ್ಲ. ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ಈಗ ಡಬ್ಬಿ ಮುಟ್ಟಿದರೆ ಆ ಚಪ್ಪಲಿ ಕಣ್ಣ ಮುಂದೆ ಬರುತ್ತದೆ, ಅದರ ಪಕ್ಕದಲ್ಲಿ ಚಿಣ್ಣಿಯ ಪುಟ್ಟ ಬೂಟು.

ಹಾಗಾಗಿ ನಿನ್ನ ದಾರಿಗೇ ಬಂದೆ. ಮೊದಲು ನಿನ್ನ ಲವಂಗದ ಎಣ್ಣೆ. ಬೇಜಾರು ಮಾಡಿಕೊಳ್ಳಬೇಡ, ಅವು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಎಣ್ಣೆ ಹಚ್ಚಿದ ಜಾಗದ ಮೇಲೇ ಮೆರವಣಿಗೆ ಹೋದವು. ಕಣ್ಣು ಉರಿದದ್ದು ನನಗೆ. ಗಿಡದಿಂದ ಬಂದದ್ದು ಅಂತ ಅದನ್ನೂ ಮಗುವಿನ ಹತ್ತಿರ ಇಡಬೇಡ ಮಾರಾಯ್ತಿ. ಕೆಲಸಕ್ಕೆ ಬಂದದ್ದು ಬಿಸಿ ಮತ್ತು ಸೋಪು. ಹಾಸಿಗೆ ಬಟ್ಟೆಯನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿದೆ. ಹಾಸಿಗೆಯ ಹೊಲಿಗೆಯುದ್ದಕ್ಕೂ ಇಸ್ತ್ರಿಪೆಟ್ಟಿಗೆ ನಿಧಾನವಾಗಿ ಎಳೆದೆ. ಮಂಚದ ಸ್ಕ್ರೂಗಳನ್ನು ಬಿಚ್ಚಿ ಒಂದೊಂದು ತೂತಿಗೂ ಕೆಟಲಿನಿಂದ ಕುದಿನೀರು ಬಿಟ್ಟೆ. ಗೋಡೆಯ ಬಿರುಕಿಗೆಲ್ಲ ಬಿಳಿ ಸಿಮೆಂಟ್ ಮೆತ್ತಿದೆ. ಮಂಚವನ್ನು ಗೋಡೆಯಿಂದ ದೂರ ಎಳೆದು, ನಾಲ್ಕು ಕಾಲಿಗೂ ನಾಲ್ಕು ಬಟ್ಟಲು ಇಟ್ಟು ಸೋಪಿನ ನೀರು ತುಂಬಿದೆ. ನಿನ್ನ ಒಳ್ಳೆಯ ಬಟ್ಟಲುಗಳೇ, ಬೈಯಬೇಡ. ಮಂಚಕ್ಕೆ ಹತ್ತಲು ಬಂದದ್ದು ಅದರಲ್ಲಿ ಬಿದ್ದು ಮುಳುಗುತ್ತದೆ.

ಆದರೆ ಇದರಲ್ಲಿ ಒಂದು ಕಷ್ಟ ಇದೆ. ಮಂಚದ ಮೇಲೆ ಮನುಷ್ಯ ಮಲಗಿರಬೇಕು. ಅವು ಬರುವುದು ನಮ್ಮ ಉಸಿರಿಗೆ, ಮೈಯ ಬಿಸಿಗೆ. ಮಲಗುವವನು ಎದ್ದು ಬೇರೆ ಕಡೆ ಹೋದರೆ ಅವು ಹಸಿದು ಗೋಡೆ ಹಿಡಿದು ಪಕ್ಕದ ಮನೆ ಹುಡುಕುತ್ತವೆ. ಕೆಲಸಕ್ಕೆ ಸೇರಿದ ದಿನ ನಮಗೆ ಹೇಳಿಕೊಡುವ ಮೊದಲ ಪಾಠ ಅದು. ಗಾಳಕ್ಕೆ ಹುಳು ಸಿಕ್ಕಿಸುವ ಹಾಗೆ ನನ್ನನ್ನೇ ಸಿಕ್ಕಿಸಿಕೊಂಡು ಮಲಗಿದೆ.

ಅದು ಹೇಗಿರುತ್ತದೆ ಅಂತ ನಿನಗೆ ಹೇಳಿದರೂ ಗೊತ್ತಾಗುವುದಿಲ್ಲ. ಒಂದು ಕಡೆ ಕೂರಲಾರದವನು ನಾನು, ಊಟದ ನಡುವೆ ಎದ್ದು ಕಿಟಕಿಗೆ ಹೋಗುತ್ತೀಯ ಅಂತ ನೀನೇ ಬೈಯುತ್ತೀಯ. ಅಂಥವನು ಕಟ್ಟಿಗೆಯ ಹಾಗೆ ಬಿದ್ದಿರಬೇಕು. ಕೂದಲು ತಗುಲಿದರೆ ತಿಗಣೆ, ಬೆವರು ಇಳಿದರೆ ತಿಗಣೆ. ಕೆಲಸದ ನಡುವೆಯೂ ಅಂಗಿಯೊಳಗೆ ಕೈ ಹಾಕಿಕೊಳ್ಳುತ್ತೇನೆ. ಎಲ್ಲಕ್ಕಿಂತ ದೊಡ್ಡ ಭಯ, ನಿನ್ನ ಜೊತೆ ಹೋದ ಚೀಲದಲ್ಲಿ ಒಂದಾದರೂ ಕೂತು ಹೋಗಿದ್ದರೆ? ಅಲ್ಲಿಯೂ ಯಾರಾದರೂ ಡಬ್ಬಿ ತಂದು ಹೊಡೆದರೆ? ದಯವಿಟ್ಟು ಚೀಲದ ಹೊಲಿಗೆ ನೋಡು. ಅಕ್ಕನಿಗೆ ಹೇಳದಿದ್ದರೂ ಪರವಾಗಿಲ್ಲ, ಇಸ್ತ್ರಿ ಎಳೆದುಬಿಡು.

ಬಟ್ಟಲಲ್ಲಿ ಮೊದಮೊದಲು ತುಂಬ ಬೀಳುತ್ತಿದ್ದವು. ಆಮೇಲೆ ಒಂದೆರಡು. ಈಗ ಎಷ್ಟೋ ದಿನದಿಂದ ಬರೀ ಧೂಳು. ನನ್ನ ಮೈಮೇಲೆ ಹೊಸ ಗುರುತು ಒಂದೂ ಇಲ್ಲ. ನಿನ್ನನ್ನು ಬಾ ಅಂತ ಕರೆಯೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ಇನ್ನೊಂದು ಶುರುವಾಯಿತು.

ಪಕ್ಕದ ಮನೆ ಟೈಲರ್ ಅಕ್ಕನಿಗೂ ಅವರ ಮೊಮ್ಮಗನಿಗೂ ಮೈಯೆಲ್ಲ ದದ್ದು. ಆ ಕೂಸು ಇನ್ನೂ ತೆವಳುತ್ತದೆ, ಮಿಷನ್ ಕೆಳಗಿನ ಬಟ್ಟೆ ಚೂರಿನ ರಾಶಿಯಲ್ಲೇ ಮಲಗುತ್ತದೆ, ಸಿಕ್ಕ ಚೂರನ್ನೆಲ್ಲ ಬಾಯಿಗೆ ಹಾಕುತ್ತದೆ. ಮೊನ್ನೆ ಮೆಟ್ಟಿಲಲ್ಲಿ ನಿಲ್ಲಿಸಿ ಕೈ ತೋರಿಸಿದರು. "ನೀನು ಇದೇ ಕೆಲ್ಸದವನಲ್ವೇನಪ್ಪ, ನೋಡಿ ಹೇಳು, ಸೊಳ್ಳೆನಾ ಇದು?" ಅಂತ ಕೇಳಿದರು. ಸಾಲಾಗಿ ಮೂರು ಮೂರು. ಚಿಣ್ಣಿಯ ಬೆನ್ನ ಮೇಲಿದ್ದ ಅದೇ ಸಾಲು. ಆದರೂ "ಬೆವರುಸಾಲೆ ಇರ್ಬೇಕು ಅಕ್ಕ" ಅಂದೆ. ಅವರು ಓನರ್ ಹತ್ತಿರ ಹೋದರು. ಓನರ್ ಫೋನ್ ಮಾಡಿದ್ದು ನಮ್ಮ ಕಂಪನಿಗೇ. ಇವತ್ತು ಇಡೀ ಬಿಲ್ಡಿಂಗಿಗೆ ಹೊಡೆಯುತ್ತಾರೆ, ನಮ್ಮ ಮನೆಯೂ ಸೇರಿ. ಹೊಡೆಯುವವರು ಡ್ರಮ್ಮು ಮತ್ತು ನಾನು. "ನಿನ್ ಬಿಲ್ಡಿಂಗೇ ಅಂತೆ ಕಣೋ, ಟೀ ನಿಂದು. ಘಮ್ಮನ್ನೋ ಹಂಗೆ ಹೊಡೀತೀನಿ, ಓನರ್ ಖುಷಿಯಾಗ್ಬೇಕು" ಅಂತ ನಿನ್ನೆ ಬೆನ್ನು ತಟ್ಟಿದ. ಆ ಮನೆಗೆ ಅವು ಹೇಗೆ ಹೋದವೋ ನನಗೆ ಗೊತ್ತಿಲ್ಲ. ಹಳೆಯ ಬಟ್ಟೆ ರಿಪೇರಿಗೆ ಬರುತ್ತದೆ, ಅದರಲ್ಲಿ ಬಂದಿರಬಹುದು.

ನೀನು ಈ ವಾರ ಬರಬೇಡ. ನಾನಾಗಿ ಹೇಳುವವರೆಗೆ ಬರಬೇಡ. ನಾನು ಹೊಡೆದಿಲ್ಲ ಅನ್ನುವುದನ್ನು ಮಾತ್ರ ನಂಬು. ಇವತ್ತು ಜ್ವರ ಅಂತ ಹೇಳಿ ರಜೆ ಹಾಕೋಣ, ಮನೆಗೆ ಬೀಗ ಹಾಕಿ ಎಲ್ಲಾದರೂ ಹೋಗಿಬಿಡೋಣ ಅಂದುಕೊಂಡಿದ್ದೇನೆ. ಬೀಗ ಇದ್ದರೆ ನಮ್ಮ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಮ್ಮದು ಉಳಿಯುತ್ತದೆ. ಚಿಣ್ಣಿಗೆ ಒಂದು ಮುತ್ತು ಕೊಡು, ಕೆನ್ನೆಗಲ್ಲ, ಬೆನ್ನಿಗೆ, ಆ ಸಾಲು ಇದ್ದ ಜಾಗಕ್ಕೆ.

ನಿನ್ನ ಬಾಯಿಗೆ ಹೆದರುವ, ನಿನಗಾಗಿ ಕಾಯುವ

ನಿನ್ನ ಗಂಡ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಟೈಲರ್ ಅಕ್ಕನ ಮನೆಗೆ ಅವು ಹೇಗೆ ಹೋದವು ಅಂತ ನನಗೆ ಗೊತ್ತು. ಮೊದಲ ವಾರದಲ್ಲಿ ಒಂದು ರಾತ್ರಿ ನನ್ನ ಕೈಲಿ ಮಲಗಲಾಗಲಿಲ್ಲ. ಎದ್ದು ಹೋಗಿ ಕಂಪನಿಯ ಗೋಡೌನಿನಲ್ಲಿ ಮಲಗಿದೆ. ಮಾರನೆಯ ರಾತ್ರಿಯೂ ಹೋದೆ. ಮಂಚ ಖಾಲಿ ಇತ್ತು. ಸಿಂಕಿನ ಪೈಪು ಅವರ ಮನೆಗೆ ಹಾದುಹೋಗುವ ತೂತನ್ನು ನಾನು ಮುಚ್ಚಿದ್ದು ವಾಪಸ್ ಬಂದ ಮೇಲೆ. ಆ ಕೂಸಿನ ಮೈಮೇಲಿರುವುದು ನಮ್ಮ ಮನೆಯ ತಿಗಣೆ, ಗುಬ್ಬಿ.

ಕೆಳಗೆ ವ್ಯಾನು ನಿಂತ ಸದ್ದಾಯಿತು. ಡ್ರಮ್ಮು ಡಿಕ್ಕಿ ತೆಗೆಯುತ್ತಿದ್ದಾನೆ. ಪಕ್ಕದಲ್ಲಿ ಮಿಷನ್ ಇನ್ನೂ ಓಡುತ್ತಿದೆ, ಟೈಲರ್ ಅಕ್ಕ ಬಟ್ಟೆ ಚೂರುಗಳನ್ನು ತೆಗೆದಿಲ್ಲ, ತೆಗೆಯಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ. ಬೀಗ ಹಾಕಿ ಹೋಗಿಬಿಟ್ಟರೆ ನಮ್ಮ ಮನೆ ಉಳಿಯುತ್ತದೆ ಅಂತ ಮೇಲೆ ಬರೆದೆನಲ್ಲ, ಅದನ್ನು ಓದಿದರೆ ನನಗೇ ಹೇಗೋ ಆಗುತ್ತಿದೆ. ಮೊದಲು ಅಕ್ಕನಿಗೆ, ಕೂಸನ್ನು ಎತ್ತಿಕೊಂಡು ಹೊರಗೆ ಬನ್ನಿ ಅನ್ನುತ್ತೇನೆ. ಆಮೇಲೆ ಓನರ್ ಮುಂದೆ, ಡ್ರಮ್ಮು ಮುಂದೆ, ಇವು ನನ್ನ ಬ್ಯಾಗಿನಿಂದ ಬಂದದ್ದು, ಔಷಧಿ ಬೇಡ, ಒಂದೊಂದು ಮನೆಗೂ ನಾನೇ ಬಿಸಿನೀರು, ಇಸ್ತ್ರಿ ಹಿಡಿದು ಮಾಡಿಕೊಡುತ್ತೇನೆ ಅನ್ನುತ್ತೇನೆ. ಕೆಲಸ ಹೋಗುತ್ತದೆ. ಡ್ರಮ್ಮಿನ ಬೂಟುಗಳು ಮೆಟ್ಟಿಲು ಹತ್ತುತ್ತಿವೆ. ಪೆನ್ನು ಇಟ್ಟೆ, ಬಾಗಿಲು ಎಳೆದುಕೊಂಡು ಹೋಗುತ್ತಿದ್ದೇನೆ.