ಪುತ್ತುಬ್ಬನವರ ಹದಿನಾರು ತಪ್ಪುಗಳು

20-11-1986, ಗುರುವಾರ. ಮಣಿಪಾಲ

ಒಮ್ಮೆ ಸರಿಪಡಿಸಿದ ತಪ್ಪು ಮತ್ತೆ ಹೇಗೆ ಬಂತು? ಮಧ್ಯಾಹ್ನ ಅಳು ಬರುವುದೊಂದು ಬಾಕಿ ಇತ್ತು. ಈಗ ನಗು ನಿಲ್ಲುತ್ತಿಲ್ಲ.

ಅಲೆವೂರು ಬಸ್ಸಿನ ಸಮಯವನ್ನು ಕಂಪ್ಯೂಟರಿನಲ್ಲಿ ಬದಲಿಸಿ, ನಾಳೆಯ ವೇಳಾಪಟ್ಟಿಯನ್ನು ಉಡುಪಿ ಬಸ್ ನಿಲ್ದಾಣದ ಟೈಮ್ ಕೀಪರ್ ಪುತ್ತುಬ್ಬನವರಿಗೆ ಕೊಟ್ಟೆ. ಅವರು ಅಲೆವೂರನ್ನು ನೋಡಲೇ ಇಲ್ಲ. ಕಿಸೆಯಿಂದ ಆ ಹಾಳು ಚೀಟಿ ತೆಗೆದರು. ಬಸ್ಸುಗಳ ವೇಳಾಪಟ್ಟಿ ತಯಾರಿಸುವ ನನ್ನ ಪ್ರೋಗ್ರಾಂ ಈವರೆಗೆ ಮಾಡಿದ ಹದಿನಾರು ತಪ್ಪುಗಳ ಪಟ್ಟಿ ಅದು. ಮೈ ಉರಿಯಿತು.

"ಅದೆಲ್ಲ ಸರಿ ಮಾಡಿ ಆಗಿದೆ ಅಲ್ವಾ?"

"ಸರಿ ಮಾಡಿದ್ದನ್ನೇ ಮೊದಲು ನೋಡಬೇಕು ಬಾಯಮ್ಮ. ಕಾಪು ಬಸ್ ನಾಳೆ ಒಂದು ಗಂಟೆಗೆ ಉಂಟು. ಡ್ರೈವರ್ ಇದಿನಬ್ಬ ಜುಮಾ ನಮಾಜಿಗೆ ಹೋಗುವುದು ಬೇಡವಾ?"

ಶುಕ್ರವಾರ ಆ ಬಸ್ಸು ಎರಡಕ್ಕೆ ಹೊರಡಬೇಕು. ಜೂನ್‌ನಲ್ಲೇ ತಿದ್ದಿದ್ದೆ. ಇವತ್ತು ಅಲೆವೂರನ್ನು ಮುಟ್ಟಿದ್ದಕ್ಕೆ ಅದು ಹಾಳಾಗಿದೆ!

ಚೀಟಿ ಇಸಿದುಕೊಂಡು ಮಣಿಪಾಲಕ್ಕೆ ಓಡಿದೆ. ಹದಿನಾರನ್ನೂ ಟೈಪ್ ಮಾಡಿ, ಪ್ರತಿ ಸಲ ಮುದ್ರಿಸುವ ಮೊದಲು ಕಂಪ್ಯೂಟರೇ ಅವನ್ನು ಪರೀಕ್ಷಿಸುವಂತೆ ಬರೆದೆ. ಕಾಪುವನ್ನು ಮತ್ತೆ ತಿದ್ದಿದೆ. ಮೂರನೆಯ ಸಲಕ್ಕೆ ಹದಿನಾರೂ ಸರಿ ಬಂದವು. ಒಬ್ಬಳೇ ಚಪ್ಪಾಳೆ ತಟ್ಟಿದೆ.

ಸಂಜೆ ಹೊಸ ಹಾಳೆ ಒಯ್ದೆ. ಪುತ್ತುಬ್ಬನವರು ಚೀಟಿ ವಾಪಸು ತೆಗೆದುಕೊಂಡು, ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿದರು. ಮುಖ ಅರಳಿತು. ಮತ್ತೆ ಪೆನ್ನು ತೆಗೆದು ಹದಿನೇಳನೆಯ ಸಾಲು ಬರೆದರು: ಅಲೆವೂರು.

"ಅದು ಸರಿ ಉಂಟಲ್ಲ!" ಎಂದೆ.

"ಹೌದು, ಇವತ್ತು ಸರಿ ಉಂಟು" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಾ ಬಂದೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆ ಹೋದ ಕೂಡಲೇ ಹದಿನೇಳನೆಯದನ್ನೂ ಕಂಪ್ಯೂಟರಿನ ಪರೀಕ್ಷೆಗೆ ಸೇರಿ…