ಕುಡಿಯೋಳು ನಾನೇ ಅಂದೆ

ಚಳ್ಳಕೆರೆ
೧೧ ಫೆಬ್ರವರಿ ೨೦೨೫, ಮಂಗಳವಾರ

ನನ್ನ ಮಗಳು ತ್ರಿವೇಣಿಗೆ,

ನಿನ್ನವ್ವನ ಆಶೀರ್ವಾದ. ನೀನೂ ಹೊಟ್ಟೆಯಲ್ಲಿರುವುದೂ ಚೆನ್ನಾಗಿದ್ದೀರೆಂದು ನಿಮ್ಮಪ್ಪ ಹೋದ ತಿಂಗಳು ಹೇಳಿದ್ದರು. ಮೂರು ತಿಂಗಳಿಂದ ಬರೆಯಬೇಕೆಂದಿದ್ದೆ. ಕೈ ನಡುಗುತ್ತಿತ್ತು, ಸೊಟ್ಟ ಅಕ್ಷರ ನೋಡಿ ನೀನು ಬೇರೆಯೇ ತಿಳಿಯುತ್ತೀಯೆಂದು ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ "ಬಸ್ಸಲ್ಲಿದೀನಿ ಅವ್ವಾ, ಕೇಳ್ಸಲ್ಲ" ಅನ್ನುತ್ತೀಯ. ಏಳು ತಿಂಗಳ ಬಸುರಿ ದಾವಣಗೆರೆಯಲ್ಲಿ ದಿನಾ ಅದೆಷ್ಟು ಬಸ್ಸು ಹತ್ತುತ್ತೀಯೋ ನಾನು ಕಾಣೆ.

ಬಾಣಂತನ ಅತ್ತೆ ಮನೆಯಲ್ಲೇ ಆಗಲಿ ಎಂದು ನೀನು ಅಪ್ಪನ ಬಾಯಲ್ಲಿ ಹೇಳಿಸಿದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲವೆಂದು ಊರವರು ಆಡಿಕೊಂಡರೆ ಆಡಿಕೊಳ್ಳಲಿ, ಅದು ನನಗೆ ಬೇಕಿಲ್ಲ. ನೀನು ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ಕುಡಿಯುವವಳ ಕೈಗೆ ಕೂಸು ಕೊಡಲು ನಿನಗೆ ಹೆದರಿಕೆ. ಸರಿಯಾದ ಹೆದರಿಕೆಯೇ. ಅದಕ್ಕೇ ಈ ಕಾಗದ.

ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಿದವರಲ್ಲ. ಮೊದಲು ನಿದ್ದೆ ಬರಲೆಂದು, ಆಮೇಲೆ ಹಾಸಿಗೆಯಿಂದ ಏಳಲೆಂದು, ಐದು ವರ್ಷ ಕುಡಿದೆ. ನಾನು ಅಂಗಡಿಯ ಮುಂದೆ ಕಾಣಿಸಬಾರದೆಂದು ನಿಮ್ಮಪ್ಪನೇ ನಮ್ಮ ಶೇಂಗಾ ಮಿಲ್ಲಿನ ವೀರೇಶನ ಕೈಲಿ ಪೇಪರು ಸುತ್ತಿದ ಬಾಟಲಿ ತರಿಸಿಕೊಡುತ್ತಿದ್ದರು. ನೆಂಟರು ಬಂದರೆ "ಅವಳಿಗೆ ಅರೆತಲೆನೋವು" ಅನ್ನುತ್ತಿದ್ದರು. ನೀನೂ ಹಾಗೇ ಅನ್ನುತ್ತಿದ್ದೆ.

ನವೆಂಬರಿನಲ್ಲಿ ಪೇಪರಿನಲ್ಲಿದ್ದ ಒಂದು ನಂಬರಿಗೆ ಫೋನು ಮಾಡಿದೆ. ಕುಡಿತ ಬಿಡುವವರು ಕೂತು ಮಾತಾಡುವ ಸಭೆ ಮೊಳಕಾಲ್ಮೂರಿನಲ್ಲಿ ಭಾನುವಾರ ನಡೆಯುತ್ತದೆ, ಬನ್ನಿ ಎಂದರು. ನಮ್ಮೂರಲ್ಲಿಲ್ಲದ್ದೇ ಒಳ್ಳೆಯದಾಯಿತೆಂದುಕೊಂಡೆ. ರೇಷ್ಮೆ ಸೀರೆ ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಇಳಿದ ಮೇಲೆ ಬಾಯಿಗೆ ಆ ಮಾತೇ ಬರಲಿಲ್ಲ. ಚಹಾದಂಗಡಿಯವನನ್ನು "ಭಾನುವಾರದ ಮೀಟಿಂಗ್ ಎಲ್ಲೈತಪ್ಪಾ?" ಎಂದು ಕೇಳಿದೆ. ನನ್ನ ಸೀರೆ, ಬಳೆ ನೋಡಿದವನೇ "ಹೆಂಗಸ್ರ ಸಂಘದ್ದಲ್ವಾ ಅಕ್ಕಾ, ಹಿಂದಿನ ಬೀದಿ" ಎಂದು ಕಳಿಸಿದ. ಹೋಗಿ ಕೂತೆ. ಒಂದು ಗಂಟೆ ಹಪ್ಪಳ ಸಂಡಿಗೆಯ ತರಬೇತಿ ಕೇಳಿ, ಚಪ್ಪಾಳೆ ತಟ್ಟಿ, ಕೊಟ್ಟ ಮಂಡಕ್ಕಿ ತಿಂದು ಊರಿಗೆ ಬಂದೆ. ಆ ಸಂಜೆಯೂ ಕುಡಿದೆ. ನಗು ಬಂದರೆ ನಗು, ನನಗೂ ಈಗ ಬರುತ್ತದೆ.

ಮುಂದಿನ ಭಾನುವಾರ ಅದೇ ಅಂಗಡಿಯ ಮುಂದೆ ನಿಂತು, ನಾಲ್ಕು ಜನ ಕೇಳುವ ಹಾಗೆ "ಕುಡಿತ ಬಿಡೋರ ಮೀಟಿಂಗ್ ಎಲ್ಲೈತೆ?" ಎಂದೆ.

"ಯಜಮಾನ್ರಿಗಾ ಅಕ್ಕಾ?"

"ಕುಡಿಯೋಳು ನಾನೇ" ಅಂದೆ. ಅವನು ಚಹಾ ಸೋಸುವುದನ್ನು ಬಿಟ್ಟು, ತಾನೇ ಬಂದು ದಾರಿ ತೋರಿಸಿದ.

ಹಳೆಯ ಮಗ್ಗದ ಮನೆ, ಚಾಪೆಯ ಮೇಲೆ ಒಂಬತ್ತು ಗಂಡಸರು. ಅಲ್ಲಿಗೆ ಯಾರು ಬರುತ್ತಾರೆಂದು ಹೊರಗೆ ಹೇಳಬಾರದು, ಅದು ಅವರ ಕಟ್ಟಳೆ. ಹಾಗಾಗಿ ಹೆಸರು, ಊರು ಕೇಳಬೇಡ. ಕುರಿ ಕಾಯುವ ಮುದುಕನೊಬ್ಬ ತನ್ನ ಕಂಬಳಿ ಎಳೆದುಕೊಂಡು ಜಾಗ ಬಿಟ್ಟ. "ಕೂಕಳವ್ವ. ಇಲ್ಲಿ ದೊಡ್ಡೋರು ಸಣ್ಣೋರು ಅಂತ ಏನಿಲ್ಲ, ಎಲ್ಲಾ ಬಿದ್ದೆದ್ದೋರೇ" ಎಂದ. ಅದೇ ಮುದುಕ ನಮ್ಮ ಅಂಗಳದಲ್ಲಿ ನಿಂತು ನೀರು ಕೇಳಿದ್ದರೆ ನಾನು ಕೂರು ಅನ್ನುತ್ತಿದ್ದೆನೋ ಇಲ್ಲವೋ. ನನ್ನ ಸರದಿ ಬಂದಾಗ ಅತ್ತೆ. ಅಳಬೇಡ ಎಂದು ಯಾರೂ ಹೇಳಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಒಮ್ಮೆ ಜಾರಿದೆ. ಹೋಗಿ ಅದನ್ನೂ ಹೇಳಿದೆ. ಇಂದಿಗೆ ಇಪ್ಪತ್ತೇಳು ದಿನ.

ಈಗ ನಿಮ್ಮಪ್ಪನ ವಿಷಯ. ಮಿಲ್ಲಿಗೆ ಬಂದ ರಾಂಪುರದವರೊಬ್ಬರು "ಅಮ್ಮಾರನ್ನ ಮೊಳಕಾಲ್ಮೂರಲ್ಲಿ ಕಂಡೆ, ಕುಡಿತ ಬಿಡೋರ ಮೀಟಿಂಗ್ ಕೇಳ್ತಿದ್ರು" ಅಂದರಂತೆ. ಮನೆಗೆ ಬಂದು ನನ್ನ ಮುಂದೆ ಕೂತರು. "ಬಾಗ್ಲು ಹಾಕ್ಕೊಂಡು ಒಳಗೆ ಏನಾರ ಮಾಡ್ಕೊ ದಾಕ್ಷಾಯಿಣಿ. ಬೀದೀಲಿ ನಿಂತು ಹಿಂಗೆ ಹೇಳ್ಕೊಂಡ್ರೆ ಬೀಗರು ಮಗಳನ್ನ ಕಳಿಸ್ತಾರಾ? ಈ ಭಾನುವಾರದ್ದು ಬಿಡು, ನಾನೇ ಹೋಗಿ ತ್ರಿವೇಣೀನ ಕರ್ಕೊಂಡು ಬರ್ತೀನಿ" ಎಂದರು.

ನೋಡು, ಕುಡಿಯುವಾಗ ಹೋಗದ ಮಾನ ಬಿಡುವಾಗ ಹೋಯಿತು. ನಿನ್ನ ಆಸೆ ತೋರಿಸಿ ನನ್ನ ಬಾಯಿ ಮುಚ್ಚಿಸಲು ನೋಡಿದರು. ಒಂದು ಗಳಿಗೆ ಮನಸ್ಸು ಆ ಕಡೆ ವಾಲಿದ್ದೂ ನಿಜ. ಆದರೆ ಆ ಚಾಪೆ ಬಿಟ್ಟರೆ ನಾನು ಮತ್ತೆ ಕುಡಿಯುತ್ತೇನೆ. ಆಗ ಕೂಸು ಯಾರ ಕೈಲಿರುತ್ತದೆ ಹೇಳು? ಅವರೆದುರೇ ನಿಮ್ಮತ್ತೆಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು "ನಂದೇನೂ ಇಲ್ರಿ. ತ್ರಿವೇಣಿ ಹೆಂಗಂತಾಳೋ ಹಂಗೆ" ಅಂದರು. ನಿಮ್ಮಪ್ಪ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊಟ ಮಾತ್ರ ಬಿಟ್ಟಿಲ್ಲ.

ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ಬಾ. ಬಂದರೂ ಭಾನುವಾರ ಸಂಜೆಯವರೆಗೆ ನಾನು ಸಿಗುವುದಿಲ್ಲ, ಮೊಳಕಾಲ್ಮೂರಿಗೆ ಹೋಗಿರುತ್ತೇನೆ. ಬಾರದಿದ್ದರೂ ಹೋಗುತ್ತೇನೆ. ಎಲ್ಲಿಗೆ ಹೋಗುತ್ತೀಯೆಂದು ಕೇಳಿದವರಿಗೆಲ್ಲ ಹೇಳಿಯೇ ಹೋಗುತ್ತೇನೆ.

ಹೊತ್ತು ಹೊತ್ತಿಗೆ ಉಣ್ಣು. ನೀನೂ ನಿನ್ನ ಕೂಸೂ ತಣ್ಣಗಿರಿ, ನೂರು ಕಾಲ ಬಾಳಿ.

ನಿನ್ನವ್ವ,
ದಾಕ್ಷಾಯಿಣಿ

ಇನ್ನೊಂದು ಮಾತು: ಮದುವೆಯಾಗಿ ಹೊರಟಾಗ ನೀನು ಅಳಲಿಲ್ಲವೆಂದು ಎಲ್ಲರೂ ನಿನ್ನನ್ನು ಗಟ್ಟಿಗಿತ್ತಿ ಎಂದರು. ನಾನೂ ಹೂಂ ಅಂದೆ. ಆದರೆ ನನ್ನನ್ನು ತಬ್ಬಿಕೊಂಡಾಗ ನಿನ್ನ ಎದೆ ಅಲುಗಲೇ ಇಲ್ಲ ತಾಯಿ. ನನ್ನ ಬಾಯಿಯ ವಾಸನೆ ಬಡಿಯದಿರಲೆಂದು ನೀನು ಉಸಿರು ಬಿಗಿಹಿಡಿದಿದ್ದೆ. ಆ ಸಭೆಯಲ್ಲಿ ಎಲ್ಲವನ್ನೂ ಹೇಳಿದ್ದೇನೆ, ಇದೊಂದನ್ನು ಹೇಳಲು ಇನ್ನೂ ಆಗಿಲ್ಲ. ತವರು ಬಿಡುವಾಗ ನಿನಗೆ ಅಳಲಿಕ್ಕೂ ನಾನು ಬಿಡಲಿಲ್ಲ.